ಅಳುವವರ ಮನೆಯಲ್ಲಿ ಬೋಧನೆ

ಅಥಣಿ, ಕಾಗವಾಡ ಕಡೆ ದೊಡ್ಡ ಜಡ್ಡು ಬಂದರೆ ಜನ ಮಿರಜಿಗೆ ಹೋಗುತ್ತಾರೆ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಬೆಳೆದು ಬಂದ ದಾರಿ ಅದು. ವಾಸಿಯಾದವರು ಬಸ್ಸಿನಲ್ಲಿ ಮರಳುತ್ತಾರೆ, ಉಳಿದವರನ್ನು ಆಂಬುಲೆನ್ಸು ಗಡಿ ದಾಟಿಸಿ ತರುತ್ತದೆ. ಕ್ರೈಸ್ತರ ಮನೆಯಾದರೆ ಮಣ್ಣು ಮುಗಿದ ಮೇಲೆ ಸಾಂತ್ವನ ಕೂಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಕ್ರೈಸ್ತರು ಕೆಲವೇ ಮಂದಿ. ಆದರೆ ಅವರ ಸಾವಿನ ಮನೆಗೆ ಲಿಂಗಾಯತರು, ಜೈನರು, ಮುಸಲ್ಮಾನರು ಎಲ್ಲರೂ ಬಂದು ಕೂರುತ್ತಾರೆ. ಕ್ರೈಸ್ತ ನಿರೀಕ್ಷೆ ಎಂದರೇನೆಂದು ಊರಿಗೆ ಗೊತ್ತಾಗುವುದು ಈ ಕೂಟದಲ್ಲೇ. ಹಾಗಾಗಿ ಒಂದು ಕೃತಿಯನ್ನು ಓದುವಷ್ಟು ಕಾಳಜಿಯಿಂದ ಅದನ್ನು ಓದಬೇಕು.

ಕೂಟದಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಹಾಡನ್ನು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಪೇಟಿ ನಡುವೆ ಇಟ್ಟು, ತಾಳ ಹಿಡಿದು ಕೂತರೆ ಗಡಿಯ ಎರಡೂ ಭಾಷೆ ಬರುತ್ತವೆ. ಕನ್ನಡದಲ್ಲಿ ಮಿಷನ್ ಕಾಲದ ಗೀತೆಗಳು. ನಿಘಂಟಿನ ಕಿಟ್ಟೆಲ್ ಕೂಡ ಇಂಥ ಗೀತೆ ಬರೆದವರೇ. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರ (1861–1919) ಭಜನೆ, ಅಭಂಗ. ಪಾಶ್ಚಾತ್ಯ ಧಾಟಿಯ ಗೀತೆ ಚರ್ಚಿನಲ್ಲಿ ಇಡೀ ಸಭೆ ನಿಂತು ಹಾಡಿದಾಗ ಮೈತುಂಬಿ ಬರುತ್ತದೆ. ಸಾವಿನ ಮನೆಯಲ್ಲಿ ಗಂಟಲು ಕಟ್ಟಿದವರಿಗೆ ಅದರ ಉದ್ದನೆಯ ಸಾಲು ನಿಲುಕುವುದಿಲ್ಲ. ಭಜನೆಯಲ್ಲಿ ಮುಂದಿನವರು ಸಾಲೆತ್ತಿ ಕೊಡುತ್ತಾರೆ, ಹಿಂದಿನವರು ಹಿಡಿಯುತ್ತಾರೆ. ಗೋಡೆಗೆ ಒರಗಿ ಕೂತ ಹೆಂಡತಿ ಎರಡು ಸಾಲು ಬಿಟ್ಟು ಮೂರನೆಯದಕ್ಕೆ ತುಟಿ ಆಡಿಸಬಹುದು. ಅವಳು ಬಿಟ್ಟದ್ದನ್ನು ಉಳಿದವರು ಹಾಡಿರುತ್ತಾರೆ. ನಂಬಿಕೆ ಕುಸಿದ ಹೊತ್ತಿನಲ್ಲಿ ಸಭೆ ಅವಳ ಪರವಾಗಿ ನಂಬುತ್ತದೆ ಎಂಬುದನ್ನು ಯಾವ ಬೋಧಕರೂ ಇಷ್ಟು ಚೆನ್ನಾಗಿ ಹೇಳಲಾರರು.

ಸೋಲುವುದು ಬೋಧನೆ. “ಅಳಬ್ಯಾಡ್ರಿ, ಅವರು ದೇವರ ಕಡೆ ಹೋಗ್ಯಾರ” ಎಂದೇ ಅದು ಶುರುವಾಗುತ್ತದೆ. ನಮ್ಮ ಕಡೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ರಾತ್ರಿ ಕರೆಂಟು ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸಿದ್ದು, ಸಂತೆಯಿಂದ ಸೀರೆ ತಂದದ್ದು, ಮಗಳ ಬಾಣಂತನಕ್ಕೆ ಓಡಾಡಿದ್ದು, ಒಂದೊಂದನ್ನೂ ನೆನೆದು ರಾಗದಲ್ಲಿ ಎಳೆಯುತ್ತಾರೆ. ಸತ್ತವರ ಇಡೀ ಬಾಳು ಆ ಅಳುವಿನಲ್ಲಿರುತ್ತದೆ. ಅದು ವಿಶ್ವಾಸಿಗಳಿಗೆ ತಕ್ಕದ್ದಲ್ಲ ಎಂದು ಎಷ್ಟೋ ಬೋಧಕರು ಬಂದೊಡನೆ ತಡೆಯುತ್ತಾರೆ. ಆಧಾರಕ್ಕೆ ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ. ಪೌಲ ಅಲ್ಲಿ ದುಃಖಕ್ಕೆ ಬಾಗಿಲು ಹಾಕಿಲ್ಲ. ಹತಾಶರ ದುಃಖ ನಿಮ್ಮದಾಗದಿರಲಿ ಎಂಬುದಷ್ಟೇ ಅವನ ಬುದ್ಧಿವಾದ.

ಸಾವು ದೊಡ್ಡದೇನಲ್ಲ ಎಂಬ ಸಮಾಧಾನ ಕ್ರೈಸ್ತ ಬೋಧನೆಗೆ ಎಲ್ಲಿಂದ ಬಂತು? ಸಾವನ್ನು ಕಲಕದ ಮನಸ್ಸಿನಿಂದ ಎದುರುಗೊಂಡ ಎರಡು ದೊಡ್ಡ ಪರಂಪರೆಗಳು ಈ ನೆಲದಲ್ಲಿವೆ. ನಿಪ್ಪಾಣಿ ಸೀಮೆಯ ಭೋಜದ ಶಾಂತಿಸಾಗರ ಮುನಿಗಳು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟರು. ಅಥಣಿಯ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಎರಡಕ್ಕೂ ಅವುಗಳದೇ ಘನತೆ ಇದೆ. ಕ್ರೈಸ್ತರ ಮಾತು ಬೇರೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಸಾವನ್ನು ಶತ್ರುಗಳ ಸಾಲಿನಲ್ಲಿಡುತ್ತಾನೆ, ಎಲ್ಲರಿಗಿಂತ ಕೊನೆಗೆ ಸೋಲುವ ಶತ್ರು. ಶತ್ರು ಮನೆ ಹೊಕ್ಕಾಗ ಅಳದೆ ಇರುವುದು ಹೇಗೆ? ಹೋದ ಮನುಷ್ಯ, ಆ ಮೈ, ಆ ದನಿ ಕಳೆದದ್ದು ನಿಜವಾದ ನಷ್ಟ ಎಂದು ಒಪ್ಪಿದರೆ ಮಾತ್ರ ಪುನರುತ್ಥಾನಕ್ಕೆ ಅರ್ಥ. ಸಾವು ಏನೂ ಅಲ್ಲ ಎನ್ನುವ ಬೋಧಕ ತನ್ನ ನಿರೀಕ್ಷೆಯನ್ನೇ ಅಗ್ಗ ಮಾಡುತ್ತಾನೆ.

ಬೇಥಾನ್ಯದ ಕಥೆ ಈ ಕೂಟಗಳಲ್ಲಿ ಮತ್ತೆಮತ್ತೆ ಓದಿಸಿಕೊಳ್ಳುತ್ತದೆ, ಆದರೆ ಅರ್ಧ ಮಾತ್ರ. ಲಾಜರ ಸತ್ತು ನಾಲ್ಕು ದಿನ. ಅಕ್ಕತಂಗಿಯರಿಬ್ಬರೂ ಯೇಸುವಿನ ಎದುರು ಒಂದೇ ದೂರು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಮಾರ್ಥಳಿಗೆ ಆತ ಪುನರುತ್ಥಾನದ ಮಾತು ಕೊಡುತ್ತಾನೆ. ಅದೇ ದೂರು ಮರಿಯಳ ಬಾಯಿಂದ ಬಂದಾಗ ಬೋಧನೆಯೇ ಇಲ್ಲ. ಸಮಾಧಿ ಎಲ್ಲಿ ಎಂದು ಕೇಳಿ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆಂದು ಗೊತ್ತಿದ್ದವನು ಅತ್ತ. ನಮ್ಮ ಕೂಟಗಳು ಮಾರ್ಥಳ ಪಾಲನ್ನು ಬಡಿಸುತ್ತವೆ, ಮರಿಯಳ ಪಾಲನ್ನು ಮರೆಯುತ್ತವೆ.

ಮಗಳು ತೀರಿಕೊಂಡ ಯಾಯೀರನ ಮನೆಯಲ್ಲಿ ಯೇಸು ಅಳುವವರನ್ನು ಹೊರಗೆ ಕಳಿಸಿದನಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಹೊರಬಿದ್ದವರು ಕೊಳಲೂದುವವರು, ಗದ್ದಲದ ಗುಂಪು. ಆತನ ಮಾತಿಗೆ ನಕ್ಕವರು. ಹುಡುಗಿಯ ತಾಯಿತಂದೆಯನ್ನು ಆತ ತನ್ನ ಸಂಗಡವೇ ಒಳಗೆ ಕರೆದುಕೊಂಡ. ಹೆತ್ತವಳ ಅಳುವನ್ನು ನಿಲ್ಲಿಸಲು ಆ ಕಥೆ ಆಧಾರವಾಗದು.

ಮಗು ತೀರಿಕೊಂಡ ಮನೆಯಲ್ಲಿ ದೇವರಿಗೆ ಹೂವು ಬೇಕಾಗಿತ್ತು ಎನ್ನುವುದನ್ನು ಯಾರೂ ಇನ್ನು ಆಡಬಾರದು. ಮಗುವನ್ನು ಕಿತ್ತುಕೊಳ್ಳುವ ದೇವರನ್ನು ಆ ತಾಯಿ ನಾಳೆ ಯಾವ ಬಾಯಿಂದ ಕರೆಯಬೇಕು? ಯೋಬನ ಗೆಳೆಯರು ಏಳು ದಿನ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತದ್ದು ಸರಿಯಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ಬೇರೆ ಧರ್ಮದ ನೆರೆಯವರು ಕೂತಿದ್ದಾರೆಂದು ಅದನ್ನೇ ಸುಸಮಯ ಮಾಡಿಕೊಂಡು, ನಾಳೆ ನಿಮ್ಮ ಸರದಿ ಎಂದು ಎಚ್ಚರಿಸುವವರೂ ಉಂಟು. ದುಃಖಕ್ಕೆ ಹೆಗಲು ಕೊಡಲು ಬಂದವರನ್ನು ಹಾಗೆ ಹೆದರಿಸುವುದು ಸಲ್ಲದು.

ಈಸ್ಟರ್ ನಸುಕಿನಲ್ಲಿ ಸಮಾಧಿಗಳ ನಡುವೆ ನಿಂತು ಆರಾಧಿಸುವ ಪದ್ಧತಿ ಕನ್ನಡದ ಹಲವು ಪ್ರೊಟೆಸ್ಟಂಟ್ ಸಭೆಗಳಲ್ಲಿದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟಿನ ಮೊರಾವಿಯನ್ನರು ಹೀಗೆ ಮಾಡಿದ್ದರು. ಕ್ಯಾಥೊಲಿಕರು ನವೆಂಬರ್ 2ರಂದು ಗೋರಿಗೆ ಹೂ, ಮೇಣದ ಬತ್ತಿ ಇಡುತ್ತಾರೆ. ಇವೆರಡನ್ನೂ ನಾನು ಕೂಟದ ಬೋಧನೆಗಿಂತ ಮೇಲೆ ಇಡುತ್ತೇನೆ. ಸತ್ತವರ ಹೆಸರು ಕಲ್ಲಿನ ಮೇಲೆ ಎದುರಿಗಿರುವಾಗ ಯಾರೂ ಸಾವನ್ನು ಸಣ್ಣದು ಮಾಡಿ ಮಾತಾಡಲಾರರು.

ಬುತ್ತಿಯ ಮಾತೂ ಇಲ್ಲಿ ಬರಬೇಕು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ಬೀಗರು, ನೆರೆಯವರು ರೊಟ್ಟಿ, ಪಲ್ಯ, ಅನ್ನ ಕಟ್ಟಿ ತಂದು, ಒಲ್ಲೆ ಎಂದರೂ ಎದುರು ಕೂತು ಉಣ್ಣಿಸುತ್ತಾರೆ. ಜಾತಿ ಧರ್ಮ ಯಾವುದೇ ಇರಲಿ, ಈ ಸೀಮೆಯ ರೂಢಿ ಇದು. ಸಭೆ ಇದನ್ನು ತನ್ನದಾಗಿಸಿಕೊಂಡು ಮುಂದುವರಿಸಬೇಕು. ಬುತ್ತಿ ನಿಂತ ಮೇಲೆಯೇ ನಿಜವಾದ ಒಂಟಿತನ. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸು ಬೇಗನೆ ಕೆಲಸಕ್ಕೆ ಮರಳಲೇಬೇಕು. ಗಂಡನ ಹೆಸರಿನ ಉತಾರ, ಬ್ಯಾಂಕಿನ ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ ಹಿಡಿದು ಕಚೇರಿ ಅಲೆಯಬೇಕು. ಅಷ್ಟರಲ್ಲಿ ಕೂಟ ಮುಗಿದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹತ್ತಿರುತ್ತಾರೆ. ಸಭೆಗಳು ಇನ್ನೊಂದು ಕೂಟವನ್ನು ಮೂರನೆಯ ತಿಂಗಳಿಗೆ ಇಡಲಿ. ಅದಕ್ಕೆ ಬೋಧಕರು ಬೇಕಿಲ್ಲ. ಪೇಟಿ ಬಾರಿಸುವವರು ಒಬ್ಬರು, ತಹಶೀಲ್ದಾರ್ ಕಚೇರಿಯ ಅರ್ಜಿ ತುಂಬಿಕೊಡಬಲ್ಲವರು ಒಬ್ಬರು ಬಂದರೆ ಆಯಿತು.