ರಕ್ತದ ಸಾಕ್ಷಿಯನ್ನು ಎಷ್ಟು ನಂಬಬೇಕು?

ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಹೆಂಗಸರು ನಿಜ ಹೇಳುವುದಿಲ್ಲ, ಆದ್ದರಿಂದ ರಕ್ತವನ್ನೇ ಕೇಳೋಣ ಎಂಬುದು ಅತಿ ಕುಡಿತದ ಪತ್ತೆಗೆ ರಕ್ತಪರೀಕ್ಷೆ ಬೇಕೆನ್ನುವವರ ವಾದ. ಅದರ ಮೊದಲರ್ಧದಲ್ಲಿ ಹುರುಳಿದೆ. ಕುಡಿಯುವ ಗಂಡಸಿಗೆ ಸಮಾಜ ಕೊಡುವ ರಿಯಾಯಿತಿ ಹೆಣ್ಣಿಗಿಲ್ಲ. ಡಾಕ್ಟರ ಮುಂದೆಯೂ ಆಕೆ ಮುಚ್ಚಿಡುತ್ತಾಳೆ. ಅಷ್ಟೇ ಮದ್ಯಕ್ಕೆ ಆಕೆಯ ಯಕೃತ್ತು ಗಂಡಸಿನದಕ್ಕಿಂತ ಬೇಗ ಕೆಡುವುದೂ ನಿಜ. ತೊಡಕಿರುವುದು ಉಳಿದರ್ಧದಲ್ಲಿ.

ಹಳೆಯ ಪರೀಕ್ಷೆಗಳು ಅಳೆಯುವುದು ಮದ್ಯವನ್ನಲ್ಲ, ಅದು ಮೈಯಲ್ಲಿ ಉಳಿಸಿದ ಪರಿಣಾಮವನ್ನು. ಜಿಜಿಟಿ ಎಂಬ ಕಿಣ್ವ ಕುಡಿತದಿಂದ ಏರುತ್ತದೆ. ಬೊಜ್ಜಿನಿಂದಲೂ, ಮೂರ್ಛೆರೋಗದ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಕೆಂಪುಕಣದ ಗಾತ್ರ ಹೇಳುವ ಎಂಸಿವಿ ಬಿ12 ಕೊರತೆಯಾದರೆ ಹೆಚ್ಚುತ್ತದೆ, ಕಬ್ಬಿಣಾಂಶ ಸಾಲದಿದ್ದರೆ ತಗ್ಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ಕಡೆ ಎಂಸಿವಿ ನೋಡಿ ಕುಡಿತ ಊಹಿಸುವುದು ಸಾಹಸವೇ ಸರಿ.

ಕುಡಿತಕ್ಕೆಂದೇ ಮೀಸಲಾದ ಪರೀಕ್ಷೆಯೆಂದು ಹೆಸರು ಪಡೆದ ಸಿಡಿಟಿ ಕೂಡ ಹೆಣ್ಣಿನ ವಿಷಯದಲ್ಲಿ ಎಡವುತ್ತದೆ. ರಕ್ತದಲ್ಲಿ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅತಿ ಕುಡಿತದಿಂದ ತನ್ನ ಸಕ್ಕರೆಯ ಎಳೆಗಳನ್ನು ಕಳೆದುಕೊಳ್ಳುತ್ತದೆ ಎಂಬುದು ಇದರ ಆಧಾರ. ಆದರೆ ಬಸಿರಿನಲ್ಲಿ ಹೀಗೆ ಎಳೆ ಕಳೆದುಕೊಂಡ ಟ್ರಾನ್ಸ್‌ಫೆರಿನ್‌ನ ಪ್ರಮಾಣ ತಾನಾಗಿಯೇ ಏರುತ್ತದೆ. ಕುಡಿಯುವ ಗಂಡಸರನ್ನು ಹಿಡಿದಷ್ಟು ಚೆನ್ನಾಗಿ ಅದು ಹೆಂಗಸರನ್ನು ಹಿಡಿಯುವುದೂ ಇಲ್ಲ.

ಹೊಸದಾದ ಪೆತ್ ಪರೀಕ್ಷೆ ಇವೆಲ್ಲಕ್ಕಿಂತ ಮೇಲು. ಅದು ಹುಡುಕುವ ವಸ್ತು ಕೆಂಪುಕಣದ ಪೊರೆಯಲ್ಲಿ ಹುಟ್ಟಲು ಮದ್ಯ ಬೇಕೇ ಬೇಕು. ಎರಡರಿಂದ ನಾಲ್ಕು ವಾರ ಅದರ ಗುರುತು ಉಳಿಯುತ್ತದೆ. ಆದರೂ ಕುಡಿದದ್ದನ್ನು ಹೇಳೀತೇ ಹೊರತು ಏಕೆ ಕುಡಿದಳು, ಬಿಡಲಾರದ ಚಟವಾಗಿದೆಯೇ ಎಂಬುದನ್ನು ಹೇಳದು.

ಎಲ್ಲ ಹೆಂಗಸರ ರಕ್ತವನ್ನೂ ಪರೀಕ್ಷಿಸುವ ಪದ್ಧತಿಯ ಪರವಾಗಿ ಲೆಕ್ಕವೂ ಇಲ್ಲ. ಸಾವಿರ ಹೆಂಗಸರಲ್ಲಿ ಹತ್ತು ಮಂದಿ ಅತಿಯಾಗಿ ಕುಡಿಯುತ್ತಾರೆ ಎಂದಿಟ್ಟುಕೊಳ್ಳಿ. ಕುಡಿಯುವವರಲ್ಲಿ ಶೇ 60 ಮಂದಿಯನ್ನು ಹಿಡಿದು, ಉಳಿದವರಲ್ಲಿ ಶೇ 10 ಮಂದಿಯ ಮೇಲೆ ತಪ್ಪಾಗಿ ಬೆರಳು ತೋರುವ ಪರೀಕ್ಷೆಯಾದರೆ ಸಿಕ್ಕಿಬೀಳುವ ನಿಜವಾದ ಕುಡುಕಿಯರು ಆರು, ಸುಳ್ಳು ಆರೋಪ ಹೊರುವವರು 99.

ಆರೋಪದ ಬೆಲೆ ಏನೆಂಬುದಕ್ಕೆ ಅಮೆರಿಕದ ದಕ್ಷಿಣ ಕ್ಯಾರೊಲಿನಾ ಸಾಕ್ಷಿ. ಅಲ್ಲಿನ ಚಾರ್ಲ್ಸ್‌ಟನ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ಮೂತ್ರವನ್ನು ಕೊಕೇನ್‌ಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸಲಾಗುತ್ತಿತ್ತು. ಒಪ್ಪಿಗೆಯಿಲ್ಲದ ಇಂಥ ತಪಾಸಣೆ ಸಂವಿಧಾನಬಾಹಿರವೆಂದು 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿದ್ದದ್ದು ಮೂತ್ರ, ಕೊಕೇನ್. ಆದರೆ ಚಿಕಿತ್ಸೆಗೆ ಬಂದವಳನ್ನು ಆರೋಪಿಯಾಗಿಸುವ ಅಪಾಯ ರಕ್ತ, ಮದ್ಯಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಹಾಗಾದರೆ ದಾರಿ? ಅತಿ ಕುಡಿತದ ಪತ್ತೆಗೆಂದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆ. ಮೊದಲು ಅದನ್ನು ಏಕಾಂತದಲ್ಲಿ, ಹೀಯಾಳಿಸದೆ ಕೇಳಬೇಕು. ಅನುಮಾನ ಉಳಿದರೆ ಆಕೆಯ ಒಪ್ಪಿಗೆ ಪಡೆದು ಪೆತ್ ಮಾಡಿಸಬಹುದು. ಕುಡಿತ ಬಿಡಲು ಹೊರಟವಳ ಪ್ರಗತಿ ನೋಡಲೂ ಅದು ಉಪಯುಕ್ತ. ಎಲ್ಲ ಹೆಂಗಸರ ರಕ್ತವನ್ನೂ ಜರಡಿ ಹಿಡಿಯುವುದಕ್ಕೆ ಮಾತ್ರ ಇವುಗಳಲ್ಲಿ ಯಾವ ಪರೀಕ್ಷೆಯೂ ಯೋಗ್ಯವಲ್ಲ.