ಪಿನ್ ಹಾಕಿದರೆ ಗುರುತು ಆಯಿತೇ?

ಮೊಬೈಲಿನಲ್ಲಿ ‘ಅರಸೀಕೆರೆ’ ಅಂತ ಹುಡುಕಿದರೆ ಮೊದಲು ಬರೋದು ಹಾಸನ ಜಿಲ್ಲೆಯದು. ರೈಲ್ವೆ ಜಂಕ್ಷನ್ನು, ತೆಂಗಿನ ತೋಟ, 1220ರ ಹೊಯ್ಸಳ ಶಿವಾಲಯ. ನಾನು ಹೇಳಹೊರಟ ಅರಸೀಕೆರೆ ಅದಲ್ಲ, ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು. ಕೋಲಶಾಂತೇಶ್ವರ ಮಠ ಇರೋದು ಅಂದರೆ ಆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತೆ. ತಾಲ್ಲೂಕು 1953ರವರೆಗೆ ಮದ್ರಾಸಿನ ಕೈಯಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಊರು ಕದಲಲಿಲ್ಲ, ಬೋರ್ಡು ಬರೆಯೋ ಪೇಂಟರಿಗೆ ಮಾತ್ರ ಕೆಲಸ ಸಿಕ್ಕಿತು.

ಇದನ್ನೆಲ್ಲ ಹೇಳೋಕೆ ಕಾರಣ ನಮ್ಮ ವಯಸ್ಸಿನವರಲ್ಲಿ ಬೆಳೆದಿರೋ ಒಂದು ಹವ್ಯಾಸ. ಶನಿವಾರ ಬೈಕ್ ಹತ್ತಿ ಹೊರಡೋದು, ದಾರಿಯಲ್ಲಿ ಕಂಡ ವೀರಗಲ್ಲು, ಹಾಳುಗುಡಿ, ಕಲ್ಯಾಣಿಯ ಫೋಟೊ ತೆಗೆಯೋದು, ಮ್ಯಾಪಿನಲ್ಲಿ ಪಿನ್ ಹಾಕೋದು, ಪಟ್ಟಿ ಬೆಳೆಸೋದು. ನನಗೂ ಈ ಹುಚ್ಚಿದೆ, ನನ್ನದೂ ಒಂದು ಸ್ಪ್ರೆಡ್‌ಶೀಟ್ ಇದೆ. ಹವ್ಯಾಸದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರೋದು ಈ ಪಟ್ಟಿಗಳ ಮೇಲೆ. ಇವು ಯಾರಿಗಾಗಿ ಇರೋವು ಅನ್ನೋದೇ ತಿಳಿಯೋದಿಲ್ಲ.

ಬಾಗಳಿಯನ್ನೇ ತಗೊಳ್ಳಿ. ಇದೇ ಹರಪನಹಳ್ಳಿ ತಾಲ್ಲೂಕು. ರಾಷ್ಟ್ರಕೂಟರ ಕೊನೆಗಾಲದಿಂದ ಕಲ್ಯಾಣ ಚಾಲುಕ್ಯರ ಕಾಲದವರೆಗೆ ಬೆಳೆದ ಕಲ್ಲೇಶ್ವರ ಗುಡಿ, ಮಂಟಪದಲ್ಲಿ 50 ಕಂಬ, ಸುತ್ತ ರಾಶಿ ಹಳಗನ್ನಡ ಶಾಸನ. ಅಂತರ್ಜಾಲದಲ್ಲಿ ಈ ಗುಡಿಯ ಬಗ್ಗೆ ನಾನು ನೋಡಿದ ಟಿಪ್ಪಣಿಗಳಲ್ಲಿ ಹೆಚ್ಚಿನವು ಗೋಡೆ ಮೇಲಿನ ಮಿಥುನ ಶಿಲ್ಪಗಳ ಸುತ್ತಲೇ ತಿರುಗುತ್ತವೆ. ‘ಕರ್ನಾಟಕದ ಖಜುರಾಹೊ’ ಅಂತ ತಲೆಬರಹ, ನಾಲ್ಕೂವರೆ ಸ್ಟಾರು, ‘ಪಾರ್ಕಿಂಗ್ ಇದೆ, ಹೋಟೆಲ್ ಇಲ್ಲ’. ಕಂಬದ ಕೆತ್ತನೆ ಬಗ್ಗೆ ಒಂದು ಸಾಲಿದ್ದರೆ ನಮ್ಮ ಪುಣ್ಯ. ಶಾಸನದ ಕಲ್ಲುಗಳಂತೂ ಫೋಟೊದ ಹಿನ್ನೆಲೆ.

ಇದಕ್ಕೆ ಹೋಲಿಸಿದರೆ ಅಲೆಕ್ಸಾಂಡರ್ ರೀ ಎಷ್ಟೋ ವಾಸಿ. 1896ರಲ್ಲಿ ಬಂದ ಅವನ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಬಳ್ಳಾರಿ ಜಿಲ್ಲೆಯ ಗುಡಿಗಳದ್ದೇ ಪುಸ್ತಕ. ಬಾಗಳಿ, ನೀಲಗುಂದ, ಕುರುವತ್ತಿ, ಮಾಗಳ ಎಲ್ಲ ಅದರಲ್ಲಿವೆ. ಅದರ ಚಿತ್ರಪಟಗಳಲ್ಲಿ ಬಾಗಿಲುವಾಡ, ಕಂಬ, ಛಾವಣಿಗಳನ್ನು ಅಳತೆ ಹಿಡಿದು ಬರೆದಿದ್ದನ್ನು ನೋಡಿದರೆ ಇವತ್ತಿಗೂ ಕಣ್ಣು ನಿಲ್ಲುತ್ತೆ. ಅವನ ಗಮನವೆಲ್ಲ ಕಟ್ಟಡದ ಮೇಲೆ, ಊರಿನ ಮೇಲಲ್ಲ, ನಿಜ. ಆದರೆ ಒಂದು ಕಂಬದ ಮುಂದೆ ಅವನು ನಿಂತ ಹೊತ್ತಿನಲ್ಲಿ ನಾವು ಮೂರು ತಾಲ್ಲೂಕು ಮುಗಿಸಿರುತ್ತೇವೆ.

ಗುಡಿಗಳದ್ದು ಹೀಗಾದರೆ, ಶಾಸನಗಳ ಪಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ತಾಲ್ಲೂಕುವಾರು ಜೋಡಿಸಿದ. ಪಕ್ಕದ ದಾವಣಗೆರೆಯವರು ಚಿತ್ರದುರ್ಗ ಜಿಲ್ಲೆಯ ಸಂಪುಟ ತೆಗೆದು ತಮ್ಮ ತಾಲ್ಲೂಕಿನ ಪುಟಕ್ಕೆ ಹೋದರೆ ಊರೂರಿನ ಕಲ್ಲು ಸಾಲಾಗಿ ಸಿಗುತ್ತೆ. ಹರಪನಹಳ್ಳಿಗೆ ಆ ಭಾಗ್ಯ ಇರಲಿಲ್ಲ, ಅದು ಮದ್ರಾಸಿನದು. ಅಲ್ಲಿನ ಕನ್ನಡ ಶಾಸನಗಳು ಬಂದದ್ದು ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೇ ಸಂಪುಟದಲ್ಲಿ, 1939ರ ಹೊತ್ತಿಗೆ. ಅದರ ಜೋಡಣೆ ರಾಜವಂಶದ ಪ್ರಕಾರ. ವಿದ್ವಾಂಸರಿಗೆ ಅನುಕೂಲ. ಆದರೆ ಅರಸೀಕೆರೆಯ ಹುಡುಗನೊಬ್ಬ ‘ನಮ್ಮೂರ ಕಲ್ಲಲ್ಲಿ ಏನೈತಿ?’ ಅಂತ ಆ ಸಂಪುಟ ತೆರೆದರೆ, ಯಾವ ರಾಜನ ಕಾಲದ್ದು ಅಂತ ಮೊದಲೇ ಗೊತ್ತಿರಬೇಕು. ಅದು ಗೊತ್ತಿದ್ದರೆ ಅವನು ಪುಸ್ತಕ ಯಾಕೆ ತೆರೀತಿದ್ದ?

ಜೋಡಣೆ ಅನ್ನೋದು ಸಣ್ಣ ವಿಷಯ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ನಮ್ಮ ಪಿನ್ ಪಟ್ಟಿಗಳಿಗಂತೂ ಜೋಡಣೆಯೇ ಇಲ್ಲ, ನಾವು ಹೋದ ದಾರಿಯೇ ಅದರ ಕ್ರಮ.

ಇಷ್ಟೆಲ್ಲ ದೂರಿದರೂ ಆ ಹಳೆಯ ಸಂಪುಟಗಳಲ್ಲಿ ಒಂದು ಸಾಲನ್ನು ನಾನು ಆಸೆಯಿಂದ ಓದುತ್ತೇನೆ. ಪ್ರತಿ ಶಾಸನದ ತಲೆಯಲ್ಲಿ, ಕಲ್ಲು ಎಲ್ಲಿದೆ ಅನ್ನೋ ಸಾಲು. ಗುಡಿಯ ಮುಂದೆ ನಟ್ಟ ಕಲ್ಲು, ಹೊಲದಲ್ಲಿ ಬಿದ್ದ ಕಲ್ಲು, ಕೆರೆಯ ತೂಬಿನ ಹತ್ತಿರದ ಕಲ್ಲು. ಅಕ್ಷಾಂಶ ರೇಖಾಂಶ ಏನಿಲ್ಲ, ಬರೀ ನೆರೆಹೊರೆ. ಆದರೆ ಕಲ್ಲು ಕಾಣೆಯಾದಾಗ ಕೈಹಿಡಿಯೋದು ಅದೇ. ಪಿನ್ ಇದ್ದ ಜಾಗಕ್ಕೆ ಹೋದರೆ ಹೊಸ ಕಾಂಕ್ರೀಟ್ ಚರಂಡಿ ಕಾಣುತ್ತೆ, ಅಷ್ಟೇ. ‘ತೂಬಿನ ಹತ್ತಿರ ಇತ್ತಂತೆ’ ಅಂತ ಕೇಳಿದರೆ ಕಟ್ಟೆ ಮೇಲೆ ಕೂತ ಅಜ್ಜ ತಲೆ ಎತ್ತುತ್ತಾನೆ. ‘ಅದಾ? ಏರಿ ರಿಪೇರಿ ಮಾಡೋವಾಗ ಕಿತ್ತು ಅತ್ಲಾಗ ಹಾಕ್ಯಾರ, ಎಮ್ಮಿ ಮೈ ತಿಕ್ಕತಾವು ನೋಡು.’

ಆ ಕಡೆ ದಾರಿ ಹೇಳೋದೇ ಹಾಗೆ. ‘ಅಗಸಿ ದಾಟಿ ಸೀದಾ ಹೋಗ್ರಿ, ಬೇವಿನಗಿಡ ಬರ್ತತಿ, ಅಲ್ಲಿಂದ ಗೋಕಟ್ಟಿ ಎಡಕ್ಕ.’ ಅಗಸಿ ಬಾಗಿಲು ಬಿದ್ದು ಯಾವ ಕಾಲವಾಯಿತೋ, ಹೆಸರು ಮಾತ್ರ ದಾರಿ ತೋರಿಸ್ತಾನೇ ಇರುತ್ತೆ. ಊರು ಕಟ್ಟುವಾಗ ನಟ್ಟ ಕರುಗಲ್ಲು, ದನ ನೀರು ಕುಡಿಯೋ ಗೋಕಟ್ಟೆ, ಊರಮ್ಮನ ಪಾದಗಟ್ಟೆ ಇವು ಯಾವುವೂ ನಮ್ಮ ಪಟ್ಟಿಗಳಲ್ಲಿ ಇರಲ್ಲ. ಕೆತ್ತನೆ ಇಲ್ಲವಲ್ಲ! ಅರಸೀಕೆರೆ ಅನ್ನೋ ಹೆಸರಲ್ಲೇ ಒಂದು ಕೆರೆ ಕೂತಿದೆ. ಅದರ ತೂಬು, ಕೋಡಿ, ಏರಿಯನ್ನು ಬಿಟ್ಟು ಊರಿನ ಗುರುತುಗಳ ಪಟ್ಟಿ ಮಾಡೋದು ಹೇಗೆ ಅಂತ ನನಗೆ ಅರ್ಥವಾಗೋದಿಲ್ಲ.

ಇನ್ನೊಂದು ಕಡೆ, ಬರೆಯಬಾರದ್ದನ್ನೂ ನಾವು ಬರೀತೇವೆ. ಬಯಲಲ್ಲಿ ಒಂಟಿಯಾಗಿರೋ ಗುಡಿ, ಸುತ್ತ ಮನೆಯಿಲ್ಲ, ಬೀಗವಿಲ್ಲ, ಒಳಗೆ ಹಳೇ ನಂದಿ. ಅದರ ನಿಖರ ಜಾಗ, ಹೋಗೋ ದಾರಿ, ‘ಯಾರೂ ಇರಲ್ಲ, ಶಾಂತವಾಗಿದೆ’ ಅನ್ನೋ ಷರಾ. ನಿಧಿ ಆಸೆಗೆ ರಾತ್ರಿ ಹಾರೆ ಹಿಡಿದು ಬರೋರಿಗೆ ಇದಕ್ಕಿಂತ ಒಳ್ಳೆ ಮಾಹಿತಿ ಬೇಕೇ? ನಂದಿ ಎಬ್ಬಿಸಿ, ಗರ್ಭಗುಡಿ ಅಗೆದು ಹೋದ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಹೊಸದಲ್ಲ. ಇಂಥ ಜಾಗಕ್ಕೆ ಊರ ಹೆಸರು ಸಾಕು, ಉಳಿದದ್ದು ನಮ್ಮ ಕಡತದಲ್ಲಿರಲಿ. ಜ್ಞಾನ ಮುಚ್ಚಿಡಬಾರದು ಅಂತ ಗೆಳೆಯರು ಜಗಳ ತೆಗೀತಾರೆ. ಅಗೆದ ಮೇಲೆ ಮುಚ್ಚಿಡೋಕೆ ಏನು ಉಳಿದಿರುತ್ತೆ ಹೇಳಿ.

ಚೆನ್ನಾಗಿ ಆದದ್ದೂ ಇದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ 8ನೇ ಶತಮಾನದ ಕಿತ್ತಯ್ಯನ ಕಲ್ಲು ಎದ್ದಿತು. ಆಸಕ್ತರು ಓದಿಸಿದರು, ಊರವರಿಗೆ ಓದಿ ಹೇಳಿದರು, ಆಮೇಲೆ ಅಲ್ಲೇ ಅದಕ್ಕೊಂದು ಮಂಟಪವೂ ಬಂತು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡ್ತಿದೆ, ಅಕ್ಷರ ಸವೆದ ಕಲ್ಲನ್ನೂ ಪರದೆಯ ಮೇಲೆ ತಿರುಗಿಸಿ ಓದಬಹುದು. ಹೆಬ್ಬಾಳದಲ್ಲಿ ನನಗೆ ಮುಖ್ಯ ಅನ್ನಿಸೋದು ಸ್ಕ್ಯಾನರ್ ಅಲ್ಲ, ಓದಿ ಹೇಳಿದ್ದು. ಇದು ಇಂಥವನ ಕಲ್ಲು, ಇಂಥ ಕಡೆ ಸತ್ತ ಅಂತ ಗೊತ್ತಾದ ಮೇಲೆ ಬೀದಿಯವರೇ ಅದಕ್ಕೆ ಕಾವಲು.

ಹರಪನಹಳ್ಳಿ ಕಡೆ ಸ್ಕ್ಯಾನರ್ ಬರೋತನಕ ಕಾಯಬೇಕಿಲ್ಲ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಈಗ ಅಕ್ಷಾಂಶದ ಪಕ್ಕ ಮೂರು ಕಾಲಂ ಇವೆ: ಊರವರು ಇದಕ್ಕೆ ಏನಂತಾರೆ, ಪಕ್ಕದಲ್ಲಿ ಏನಿದೆ, ಯಾರಿಗೆ ಓದಿ ಹೇಳಿದೆ. ಜಿಲ್ಲೆಯ ಕಾಲಂ ಬಿಟ್ಟಿದ್ದೇನೆ, ಅದು ಬದಲಾಗ್ತಾನೇ ಇರುತ್ತೆ. ಅರಸೀಕೆರೆ ಹೋಬಳಿಯ ಸಾಲುಗಳಲ್ಲಿ ಮೊದಲ ಕಾಲಂ ತುಂಬುತ್ತಿದೆ, ಕೊನೆಯದು ಹೆಚ್ಚುಕಮ್ಮಿ ಖಾಲಿ. ಉಚ್ಚಂಗಿದುರ್ಗಕ್ಕೆ ಬೆಟ್ಟ ಹತ್ತೋಕೆ ಹೋಗೋರು ಇಳಿದ ಮೇಲೆ ಒಂದು ಗಂಟೆ ಅರಸೀಕೆರೆಯ ಯಾವುದಾದರೂ ಚಹಾ ಅಂಗಡಿಯಲ್ಲಿ ಕೂತರೆ, ಆ ಖಾಲಿ ಮನೆಗಳಲ್ಲಿ ಒಂದೆರಡಾದರೂ ತುಂಬಬಹುದು.