ಹೊಗೆ, ಹಗ್ಗ, ಹಿತ್ತಾಳೆ ಟ್ಯಾಂಕು

ಬ್ರಿಟಿಷ್ ಸೀಗಲ್ ಮೋಟರನ್ನು ಮೊದಲ ಸಲ ಕಂಡವರು ಇದರ ಮುಚ್ಚಳ ಎಲ್ಲಿ ಹೋಯಿತು ಎಂದು ಕೇಳುವುದುಂಟು. ಮುಚ್ಚಳ ಅದಕ್ಕೆ ಇದ್ದದ್ದೇ ಇಲ್ಲ. ದೋಣಿಯ ಹಿಂಬದಿಯ ಹಲಗೆಗೆ ತಿರುಪು ಬಿಗಿದು ಕೂರಿಸುವ ಈ ಯಂತ್ರದಲ್ಲಿ ಎಲ್ಲವೂ ಬಯಲಿಗೇ ಇದೆ. ನೆತ್ತಿಯ ಮೇಲೆ ಫ್ಲೈವೀಲ್, ಅದಕ್ಕೆ ಒತ್ತಿಕೊಂಡಂತೆ ದುಂಡನೆಯ ಹಿತ್ತಾಳೆ ಟ್ಯಾಂಕು, ಅಡ್ಡ ಮಲಗಿದ ಒಂಟಿ ಸಿಲಿಂಡರ್, ಬದಿಯಲ್ಲಿ ಕಾರ್ಬುರೇಟರ್, ನೀರಿಗಿಳಿದ ಉದ್ದ ಕೊಳವೆಗಳು, ಕೆಳಗೆ ಪ್ರೊಪೆಲ್ಲರ್. ಪೆಟ್ರೋಲ್ ಎಲ್ಲಿಂದ ಬಂತು, ಕಿಡಿ ಎಲ್ಲಿ ಹಾರಿತು, ಹೊಗೆ ಯಾವ ದಾರಿ ಹಿಡಿಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಹಳೆಯ ಔಟ್‌ಬೋರ್ಡ್ ಮೋಟರುಗಳ ಮೋಹ ಹತ್ತುವುದು ಇಲ್ಲಿಂದಲೇ. ಇದು ತನ್ನ ಕೆಲಸವನ್ನು ಮುಚ್ಚಿಡದ ಯಂತ್ರ.

ಅದನ್ನು ಚಾಲೂ ಮಾಡುವ ಕ್ರಮ ನೋಡಿ. ಮೊದಲು ಪೆಟ್ರೋಲ್ ನಲ್ಲಿ ತಿರುಗಿಸಬೇಕು. ಕಾರ್ಬುರೇಟರ್ ನೆತ್ತಿಯ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದರೆ ಒಳಗಿನ ತೇಲುಬುರುಡೆ ಮುಳುಗಿ ಪೆಟ್ರೋಲ್ ಉಕ್ಕಿ ತೊಟ್ಟಿಕ್ಕುತ್ತದೆ. ಬೆರಳು ಒದ್ದೆಯಾದರೆ ಸಾಕು ಎಂದರ್ಥ. ಆಮೇಲೆ ಚೋಕ್. ಹಗ್ಗದ ತುದಿಯ ಗಂಟನ್ನು ಫ್ಲೈವೀಲಿನ ಕಚ್ಚಿಗೆ ಸಿಕ್ಕಿಸಿ, ಸುತ್ತಿ, ಒಮ್ಮೆ ಹಿಂದೆ ತಿರುಗಿ ನೋಡಬೇಕು. ಹಗ್ಗ ಪೂರ್ತಿ ಕಳಚಿಕೊಂಡು ಕೈಗೇ ಬರುತ್ತದೆ, ಹಿಂದೆ ಕೂತವರ ಮುಖಕ್ಕೆ ಚಾಟಿಯೇಟು ಬೀಳುವುದು ಅಪರೂಪವೇನಲ್ಲ. ಎಳೆದಿರಿ, ಹತ್ತಿಕೊಂಡಿತು ಎನ್ನಿ. ಹಲವು ಮಾದರಿಗಳಲ್ಲಿ ಕ್ಲಚ್ಚೂ ಇಲ್ಲ, ನ್ಯೂಟ್ರಲ್ಲೂ ಇಲ್ಲ. ಇಂಜಿನ್ ಹತ್ತಿದ ಗಳಿಗೆಯೇ ದೋಣಿ ಹೊರಟಿತು, ನೀವು ಕೂತಿದ್ದರೂ ಸರಿ, ನಿಂತಿದ್ದರೂ ಸರಿ. ಬೀಳದೆ ಸಾವರಿಸಿಕೊಂಡು, ಸಿಲಿಂಡರ್ ತಣಿಸಿದ ನೀರು ಹೊರಕ್ಕೆ ಬರುತ್ತಿದೆಯೇ ಎಂದು ಕಣ್ಣಾಡಿಸಿದರೆ ಶಾಸ್ತ್ರವೆಲ್ಲ ಮುಗಿಯಿತು.

ಸೀಗಲ್ ಹುಟ್ಟಿದ್ದು 1930ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ವೂಲ್ವರ್‌ಹ್ಯಾಂಪ್ಟನ್ನಿನಲ್ಲಿ. ಆಮೇಲೆ ದಕ್ಷಿಣ ಕರಾವಳಿಯ ಪೂಲ್ ಪಟ್ಟಣ ಅದರ ಮನೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆಗೆಂದು ಸಾವಿರಾರು ಮೋಟರುಗಳು ತಯಾರಾದವು. ಬಿಡಿಭಾಗ ಕಡಿಮೆ, ಇದ್ದವೂ ದಪ್ಪ ದಪ್ಪ. ಇದರ ಗೇರ್‌ಬಾಕ್ಸ್ ಕತೆಯಂತೂ ತಮಾಷೆಯಾಗಿದೆ. ಅದಕ್ಕೆ ಸರಿಯಾದ ಸೀಲ್ ಇಲ್ಲ. ಒಳಗಿನ ದಪ್ಪ ಎಣ್ಣೆಗೆ ನೀರು ಸೇರಿ ಹಾಲುಬಣ್ಣದ ಲೋಳೆಯಾಗುತ್ತದೆ, ಆ ಲೋಳೆಯಲ್ಲೇ ಗೇರುಗಳು ದಶಕಗಟ್ಟಲೆ ತಿರುಗುತ್ತವೆ. ಬೇರೆ ಮೋಟರಿನಲ್ಲಿ ಹೀಗಾದರೆ ಮೆಕ್ಯಾನಿಕ್ ತಲೆಗೆ ಕೈ ಹೊತ್ತು ಕೂರುತ್ತಾನೆ. ಸೀಗಲ್ ಬಲ್ಲವನು ಸುರಿದು, ಹೊಸ ಎಣ್ಣೆ ತುಂಬಿ, ಮುಂದಿನ ಕೆಲಸಕ್ಕೆ ಹೋಗುತ್ತಾನೆ.

ಅಮೆರಿಕದ ಪರಂಪರೆಯೇ ಬೇರೆ. ನಾರ್ವೆಯಿಂದ ವಲಸೆ ಬಂದ ಕುಟುಂಬದ ಓಲೆ ಎವಿನ್‌ರೂಡ್ ತನ್ನ ಒಂದೂವರೆ ಅಶ್ವಶಕ್ತಿಯ ಮೋಟರನ್ನು 1909ರಲ್ಲಿ ಮಿಲ್ವಾಕಿಯಿಂದ ಮಾರಾಟಕ್ಕಿಟ್ಟ. ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೊ. ಕೆರೆ ನಡುವೆ ಹುಟ್ಟುಹಾಕುತ್ತ ಬರುವಷ್ಟರಲ್ಲಿ ಪ್ರೇಯಸಿ ಬೆಸ್‌ಗೆಂದು ತಂದ ಐಸ್‌ಕ್ರೀಮ್ ಕರಗಿಹೋಯಿತು, ಮೋಟರಿನ ಯೋಚನೆ ಆಗಲೇ ಹೊಳೆಯಿತು ಎಂದು ಕತೆ ಹೇಳುತ್ತಾರೆ. ಜಾಹೀರಾತಿಗೆಂದೇ ಹೊಂದಿಸಿದಷ್ಟು ಅಚ್ಚುಕಟ್ಟಾದ ಕತೆ! ಡೆಟ್ರಾಯ್ಟಿನ ಕ್ಯಾಮರಾನ್ ವಾಟರ್‌ಮನ್ ಅವನಿಗಿಂತ ಮೊದಲೇ ಇಂಥ ಮೋಟರು ಮಾರುತ್ತಿದ್ದ ಎಂಬುದನ್ನೂ ನೆನೆಯಬೇಕು. ನನಗೆ ಹಿಡಿಸುವುದು ಆಮೇಲಿನ ಸಂಗತಿ. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಹೆಂಡತಿ ಬೆಸ್‌ಳ ಆರೋಗ್ಯ ಕೆಟ್ಟಾಗ ಓಲೆ ಕಂಪನಿಯಲ್ಲಿನ ಪಾಲನ್ನು ಪಾಲುದಾರನಿಗೇ ಮಾರಿದ. ಐದು ವರ್ಷ ಈ ಕಸುಬಿಗೆ ಕೈಹಾಕುವುದಿಲ್ಲ ಎಂಬ ಕರಾರು ಬೇರೆ. ಅವಧಿ ಮುಗಿದ ಮೇಲೆ ಅಲ್ಯೂಮಿನಿಯಂ ಬಳಸಿ ಎರಡು ಸಿಲಿಂಡರಿನ ಹಗುರ ಮೋಟರೊಂದನ್ನು ರೂಪಿಸಿ ಅದೇ ಪಾಲುದಾರನಿಗೆ ತೋರಿಸಿದ. ಆತ ಬೇಡವೆಂದ. ಗಂಡ ಹೆಂಡತಿ ತಾವೇ ‘ಎಲ್ಟೊ’ ಹೆಸರಲ್ಲಿ ಅದನ್ನು ತಂದರು. ಮೊದಲಿನದಕ್ಕಿಂತ ಸುಮಾರು 7 ಕಿಲೊ ಹಗುರ, ಶಕ್ತಿ ಇಮ್ಮಡಿ.

ಎಲ್ಟೊಗೆ ಹಗ್ಗ ಸುತ್ತುವ ಗೋಜಿಲ್ಲ. ಫ್ಲೈವೀಲ್ ಅಂಚಿನಲ್ಲಿ ಒಂದು ಹಿಡಿಗುಬ್ಬಿ. ಕಿಡಿ ಬ್ಯಾಟರಿಯಿಂದ ಬರುವುದರಿಂದ ಚಕ್ರವನ್ನು ಜೋರಾಗಿ ಸುತ್ತಬೇಕಿಲ್ಲ; ಗುಬ್ಬಿ ಹಿಡಿದು ಚಕ್ಕನೆ ತೂಗಿಬಿಟ್ಟರೆ ಸಾಕು, ಹತ್ತಿಕೊಳ್ಳುತ್ತದೆ. ಕೈ ಹಿಂದೆಗೆಯುವುದು ತಡವಾದರೆ ಅದೇ ಗುಬ್ಬಿ ಗರಗರ ತಿರುಗಿ ಬೆರಳ ಗೆಣ್ಣಿಗೆ ಬಡಿಯುತ್ತದೆ. ಹಳೆಯ ಮೋಟರಿನವರ ಗೆಣ್ಣುಗಳನ್ನು ನೋಡಿದರೇ ಅವರ ಅನುಭವ ಎಷ್ಟೆಂದು ಗೊತ್ತಾಗುತ್ತದೆ.

1950ರ ದಶಕಕ್ಕೆ ಬಂದರೆ ಮೋಟರುಗಳಿಗೆ ಮುಚ್ಚಳ ಬಂತು, ಎರಡೆರಡು ಬಣ್ಣ ಬಂತು, ಕಾರುಗಳ ಗತ್ತು ಬಂತು. ಸಂಗ್ರಹಕಾರರಲ್ಲಿ ಬಹಳ ಮಂದಿ ಬಿದ್ದುಹೋಗುವುದು ಇವಕ್ಕೇ. ನನಗೆ ಅಷ್ಟು ಒಲವಿಲ್ಲ, ಆದರೂ ಆ ಕಾಲದ ಉತ್ಸಾಹಕ್ಕೆ ಮೆಚ್ಚಲೇಬೇಕು. ಸ್ಕಾಟ್-ಆಟ್‌ವಾಟರ್ ಮೋಟರು ಓಡುತ್ತಲೇ ದೋಣಿಯೊಳಗಿನ ನೀರನ್ನೂ ಎತ್ತಿ ಹೊರಚೆಲ್ಲುತ್ತಿತ್ತು. ಮಾರ್ಟಿನ್ ಮೋಟರುಗಳನ್ನು ಮಾಡುತ್ತಿದ್ದುದು ವಿಸ್ಕಾನ್ಸಿನ್ನಿನ ಒಂದು ಪ್ರೆಶರ್ ಕುಕ್ಕರ್ ಕಂಪನಿ.

ಇಂಥವನ್ನು ಕೊಂಡವರು ಮೊದಲು ಕೈಹಾಕಬೇಕಾದದ್ದು ಬಣ್ಣಕ್ಕಲ್ಲ. ಆ ದಶಕದ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ಫ್ಲೈವೀಲ್ ಕೆಳಗಿನ ಕಾಯಿಲ್‌ಗಳು ಬಿರುಕುಬಿಟ್ಟಿರುತ್ತವೆ, ಕಿಡಿ ಬರುವುದಿಲ್ಲ. ನೀರೆತ್ತುವ ರಬ್ಬರ್ ಚಕ್ರದ ರೆಕ್ಕೆಗಳು ಕಲ್ಲಾಗಿ ಬಾಗಿರುತ್ತವೆ; ಅದನ್ನು ಬದಲಿಸದೆ ಓಡಿಸಿದರೆ ಇಂಜಿನ್ ಸುಟ್ಟುಕೊಳ್ಳುತ್ತದೆ. ಇವೆರಡನ್ನು ಸರಿಮಾಡಿ, ಕಾರ್ಬುರೇಟರ್ ತೊಳೆದು, ಪೆಟ್ರೋಲಿಗೆ ತಕ್ಕಷ್ಟು ಎಣ್ಣೆ ಬೆರೆಸಿದರೆ ಅರವತ್ತು ಎಪ್ಪತ್ತು ವರ್ಷದ ಮೋಟರು ಎಷ್ಟೋ ಸಲ ಎರಡನೇ ಎಳೆತಕ್ಕೇ ಏಳುತ್ತದೆ. ಫಳಫಳ ಹೊಳೆಯುತ್ತ ಗೋಡೆಗೆ ನೇತುಬಿದ್ದದ್ದಕ್ಕಿಂತ, ಗೀಚಿದ ಮೈಯಲ್ಲೇ ನಿಧಾನಕ್ಕೆ ಟುಕು ಟುಕು ಎನ್ನುತ್ತ ದೋಣಿ ತಳ್ಳುವುದೇ ನನ್ನ ಪಾಲಿಗೆ ಹೆಚ್ಚು ಸುಂದರ.

ಸುಂದರ ಎಂದ ಮಾತ್ರಕ್ಕೆ ನಿರಪರಾಧಿ ಅಲ್ಲ. ಹಳೆಯ ಸೀಗಲ್ ಕುಡಿಯುವುದು ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಅದು ಹೋದ ದಾರಿಯಲ್ಲಿ ನೀಲಿ ಹೊಗೆ, ನೀರ ಮೇಲೆ ಕಾಮನಬಿಲ್ಲು. 1990ರ ದಶಕದ ಹೊಗೆ ನಿಯಮಗಳು ಇಂಥ ಇಂಜಿನ್‌ಗಳ ದಾರಿ ಕಟ್ಟಿದವು, ಆ ದಶಕದಲ್ಲೇ ಸೀಗಲ್ ತಯಾರಿಕೆಯೂ ನಿಂತಿತು. ಎವಿನ್‌ರೂಡ್ ಹೆಸರು 2020ರವರೆಗೆ ಎಳೆಯಿತು. ನಿಯಮ ತಪ್ಪೆಂದು ವಾದಿಸಲಾರೆ. ಕುಡಿಯುವ ನೀರಿನ ಕೆರೆಯಲ್ಲಿ ಇವನ್ನು ಇಳಿಸಲೇಬಾರದು.

ನಮ್ಮ ಕರಾವಳಿಯ ನಾಡದೋಣಿಗಳಲ್ಲೂ ಔಟ್‌ಬೋರ್ಡ್ ಇಂಜಿನ್‌ಗಳಿವೆ, ಪೆಟ್ರೋಲಿನಲ್ಲಿ ಹತ್ತಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವಂಥವು. ಆದರೆ ಉಪ್ಪುನೀರು, ದಿನದ ದುಡಿಮೆ ಎರಡೂ ಸೇರಿ ಅವನ್ನು ತಿಂದುಹಾಕುತ್ತವೆ. ಪ್ರಾಚೀನವಾಗುವಷ್ಟು ಆಯಸ್ಸು ಅವಕ್ಕೆ ಸಿಗುವುದಿಲ್ಲ. ಇಂಜಿನ್ ಸಂಗ್ರಹ ಎನ್ನುವುದು ಮೀನು ಹಿಡಿದು ಹೊಟ್ಟೆ ಹೊರೆಯಬೇಕಿಲ್ಲದವರ ಹವ್ಯಾಸ.

ಅಂಥವರಿಗೆಂದೇ ಅಮೆರಿಕದಲ್ಲಿ 1965ರಿಂದ ಆಂಟೀಕ್ ಔಟ್‌ಬೋರ್ಡ್ ಮೋಟರ್ ಕ್ಲಬ್ ಇದೆ. ಅದರ ಕೂಟಗಳು ಎರಡು ಬಗೆಯವು: ನೆಲದ ಮೇಲೆ ಬಿಡಿಭಾಗ ಹರವಿಕೊಂಡು ಕೊಡು-ಕೊಳ್ಳುವುದು ಒಂದು, ಕೆರೆಗಿಳಿಸಿ ಓಡಿಸುವುದು ಇನ್ನೊಂದು. ದೋಣಿ ತರದವರು ನೀರು ತುಂಬಿದ ಪೀಪಾಯಿಗೆ ಮೋಟರು ಕಟ್ಟಿ ಅಲ್ಲೇ ಹಗ್ಗ ಎಳೆಯುತ್ತಾರೆ. ಸಲೀಸಾಗಿ ಓಡುವ ಮೋಟರಿನತ್ತ ಯಾರೂ ಅಷ್ಟಾಗಿ ತಲೆಹಾಕುವುದಿಲ್ಲ. ಹಟ ಹಿಡಿದು ಹತ್ತದೆ ನಿಂತದ್ದರ ಸುತ್ತ ಮಾತ್ರ ಜನ ಸೇರುತ್ತಾರೆ. ಪ್ಲಗ್ ಎಂದು ಒಬ್ಬರು, ಪಾಯಿಂಟ್ ಎಂದು ಇನ್ನೊಬ್ಬರು, ಕಾರ್ಬುರೇಟರೇ ಎಂದು ಮತ್ತೊಬ್ಬರು ತಮ್ಮ ತಮ್ಮ ಡಬ್ಬಿಯಿಂದ ಸ್ಪ್ಯಾನರ್ ತೆಗೆಯುತ್ತಾರೆ.